ಕ್ಯಾಪ್ಟನ್ ತಂದ ಹನುಮಪ್ಪ

ಚಟ್. ಒಂದು ಸಣ್ಣ ಸದ್ದು, ಅಷ್ಟೇ. ಇವತ್ತಿಗೂ ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುವಾಗ ನಾನು ಒಲೆಯಿಂದ ಹಿಂದೆ ಸರಿಯುತ್ತೇನೆ. ಸೊಸೆ, "ಎಣ್ಣಿ ಹಾರ್ತೇನ್ರಿ ಅತ್ತಿ?" ಎನ್ನುತ್ತಾಳೆ. ಹೌದೆಂದುಬಿಡುತ್ತೇನೆ, ನಿಜ ಹೇಳಲು ಕೂತರೆ ಅವಳ ಅಡುಗೆ ಆರಿಹೋಗುತ್ತದೆ. ಸೊರಬದ ಕಡೆ, ಕ್ಯಾಸನೂರಿನ ಕಾಡಿಗೆ ಬೆನ್ನು ಕೊಟ್ಟು ಕೂತಿದ್ದ ಒಂದು ಊರಿನಲ್ಲಿ ನನ್ನ ಗೌರತ್ತೆಯ ಮನೆಯಿತ್ತು. ಅಪ್ಪಾಜಿಯ ಅಕ್ಕ ಅವಳು, ಮಕ್ಕಳಿರಲಿಲ್ಲ. ಸಂಜೆಯಾದರೆ ನಾಯಿಯನ್ನು ಎರಡು ಮೊಣಕಾಲುಗಳ ನಡುವೆ ಅದುಮಿ ಹಿಡಿದು, ಅದರ ಕಿವಿಯ ಹಿಂದಿನಿಂದ, ಬೆರಳ ಸಂದುಗಳಿಂದ ಉಣುಗು ಕಿತ್ತು ಕೆಂಡಕ್ಕೆ ಹಾಕುತ್ತಿದ್ದಳು. ರಕ್ತ ಕುಡಿದು ಔಡಲ ಬೀಜದಷ್ಟು ಊದಿಕೊಂಡ ಉಣುಗು ಕೆಂಡಕ್ಕೆ ಬಿದ್ದೊಡನೆ ಚಟ್ ಎಂದು ಒಡೆಯುತ್ತಿತ್ತು. ಕೂದಲು ಸುಟ್ಟಂಥ ವಾಸನೆ ಏಳುತ್ತಿತ್ತು. ನಾನು ಕಂಬದ ಹಿಂದೆ ನಿಂತು ಮೂಗು ಮುಚ್ಚಿಕೊಂಡು ನೋಡುತ್ತಿದ್ದೆ. ನೋಡದೆ ಇರಲೂ ಆಗುತ್ತಿರಲಿಲ್ಲ.

ನಾಯಿಯ ಹೆಸರು ಕ್ಯಾಪ್ಟನ್. ಹೆಸರಿಟ್ಟವಳು ನಾನೇ. ಶಿವಮೊಗ್ಗದ ಕಾನ್ವೆಂಟ್ ಹಾಸ್ಟೆಲಿನಿಂದ ಹಾಲಿಡೇಸಿಗೆಂದು ಬರುತ್ತಿದ್ದ ಹುಡುಗಿಗೆ ನಾಯಿಯನ್ನು ಕರಿಯ, ಕೆಂಚ ಎಂದು ಕೂಗಲು ನಾಚಿಕೆ. ಅತ್ತೆ ಅದಕ್ಕೆ ಇನ್ನಷ್ಟು ಮರ್ಯಾದೆ ಸೇರಿಸಿ ಕ್ಯಾಪ್ಟಣ್ಣ ಮಾಡಿದಳು. ಈಗಿನವರು ಮಿಕ್ಸೆಡ್ ಬ್ರೀಡ್ ಎಂದು ಸೊಗಸಾಗಿ ಹೇಳುತ್ತಾರಲ್ಲ, ಅಂಥದ್ದು. ತಾಯಿ, ಗದ್ದೆಗಳಲ್ಲಿ ಮಂದೆ ಹಾಕಲು ಬಂದ ಕುರಿಯವರ ಹಿಂದೆ ಬಂದದ್ದು. ತಂದೆ, ಮರದ ಕಂಟ್ರಾಕ್ಟರನ ಜೀಪಿನಲ್ಲಿ ತಿರುಗುತ್ತಿದ್ದ ಆಲ್ಸೇಷಿಯನ್ ಎಂದು ಊರಿನವರ ಗುಮಾನಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಡಿಸಿಪ್ಲಿನ್ ಎಂಬುದು ಅದರ ವಂಶದಲ್ಲೇ ಇರಲಿಲ್ಲ. ಜಗಲಿಯಿಂದ ಅಂಗಳಕ್ಕೆ ಒಂದೇ ನೆಗೆತ. ಕಣದ ಸುತ್ತ ಕಾರಣವಿಲ್ಲದೆ ಓಟ. ಮಜ್ಜಿಗೆ ಗಡಿಗೆ ಉರುಳಿಸಿ, ಅತ್ತೆಯ ಗಂಡ ಈರಬಸಪ್ಪ ಮಾವನ ಹೆಗಲ ಟವಲು ಕಚ್ಚಿಕೊಂಡು ಮತ್ತೆ ಓಟ. ನಾನು ಗೇಟು ತೆರೆದರೆ ಸಾಕು, ಎರಡೂ ಮುಂಗಾಲು ನನ್ನ ಭುಜದ ಮೇಲೆ. ನಾನು ಕಣ್ಣು ಮುಚ್ಚಿ, ವಿಭೂತಿ ಹಚ್ಚುವವರ ಮನೆಯಲ್ಲಿ ನಿಂತು, ಸಿಸ್ಟರ್ ಕಲಿಸಿದ ಪ್ರೇಯರ್ ಹೇಳಿಕೊಳ್ಳುತ್ತಿದ್ದೆ.

"ಎಂತಾ ಪುಕ್ಕಲಿ ಮಾರಾಯ್ತಿ ನೀನು! ಇಂಗ್ಲಿಷ್ ಜತಿಗೆ ಹೆದರಾದೂ ಕಲಿಸ್ತಾರಾ ನಿಮ್ ಸಿಸ್ಟರು?" ಎಂದು ಅತ್ತೆ ನಗುತ್ತಿದ್ದಳು. "ಅದೇನ್ ಕಚ್ಚಲ್ವೇ. ಇಷ್ಟ್ ದಿನ ಎಲ್ಲಿ ಹಾಳಾಗ್ ಹೋಗಿದ್ದಿ ಅಂತ ಕೇಳ್ತೈತೆ."

ಆ ಬೇಸಿಗೆ ಬೇರೆ ಥರದ ಹೆದರಿಕೆ ಬಂತು. ಕಾಡಿನಲ್ಲಿ ಮಂಗಗಳು ಮರದಿಂದ ಬಿದ್ದು ಸಾಯುತ್ತಿವೆಯಂತೆ. ದನದ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರಲು ಹೋಗಿದ್ದ ಹೆಂಗಸೊಬ್ಬಳು ಜ್ವರ ಬಂದು, ಮೂಗಿನಲ್ಲಿ ರಕ್ತ ಬಂದು ತೀರಿಕೊಂಡಳಂತೆ. ಮಂಗನ ಕಾಯಿಲೆ ಎಂಬ ಮಾತು ಆಗಷ್ಟೇ ನಮ್ಮ ಕಿವಿಗೆ ಬಿದ್ದಿತ್ತು. ಅದನ್ನು ಹೇಳುವಾಗ ದೊಡ್ಡವರು ದನಿ ತಗ್ಗಿಸುತ್ತಿದ್ದರು. ಖಾಕಿ ಚಡ್ಡಿಯ ಆರೋಗ್ಯ ಇಲಾಖೆಯವರು ಬಂದು, ಕಾಡಿಗೆ ಹೋಗಬೇಡಿ, ಉಣುಗು ಕಚ್ಚಿಸಿಕೊಳ್ಳಬೇಡಿ, ಸತ್ತ ಮಂಗವನ್ನು ಮುಟ್ಟಬೇಡಿ ಎಂದು ಸಾರಿ ಹೋದರು. ಮಾವ ಎತ್ತಿನ ಹಗ್ಗದಿಂದ ಕ್ಯಾಪ್ಟನನ್ನು ಕಟ್ಟಿಹಾಕಿದ. ಅದು ಕಾಡಿನ ಕಡೆ ಮುಖ ಮಾಡಿ ಊಳಿಟ್ಟರೆ ನಾನು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನನ್ನ ಕಾಲಿನ ಗಂಟುಗಳನ್ನು, ಮೊಣಕೈಯ ಮಡಿಕೆಗಳನ್ನು, ಉಣುಗು ಹತ್ತಿದೆಯೇ ಎಂದು, ನಾನೇ ತಡಕಿಕೊಳ್ಳುತ್ತಿದ್ದೆ. ಸೊಪ್ಪಿನ ಬೀಜ ಅಂಟಿದ್ದರೂ ಚೀರುತ್ತಿದ್ದೆ.

ಒಂದು ಬೆಳಿಗ್ಗೆ ನೋಡಿದರೆ ಹಗ್ಗ ಕಡಿದುಹೋಗಿತ್ತು. ಉರಿಬಿಸಿಲಿನ ಹೊತ್ತಿಗೆ ಕ್ಯಾಪ್ಟನ್ ಬಂತು, ಬಾಲ ಆಡಿಸುತ್ತ, ಬಾಯಲ್ಲಿ ಒಂದು ಸತ್ತ ಮಂಗ ಕಚ್ಚಿಕೊಂಡು. ನೇರ ಅತ್ತೆಯ ಪಾದದ ಬಳಿ ಇಟ್ಟು, ಹೊಗಳುವುದನ್ನು ಕಾಯುತ್ತ ನಿಂತಿತು.

"ಅಯ್ಯೋ ಶಿವನೇ! ಹನುಮಪ್ಪನ್ನ ಕಚ್ಕಂಡ್ ಬಂದೈತಲ್ಲೋ ಮುಂಡೇದು!"

"ಡೋಂಟ್ ಟಚ್, ಅತ್ತೆ! ಮುಟ್ಟಬ್ಯಾಡ! ಮೊನ್ನೆ ಬಂದೋರು ಹೇಳಿಲ್ವಾ?"

"ಮುಟ್ಟದೆ? ನಾಯಿ ಎಂಜಲು ಮಾಡಿ ನಮ್ಮ ಅಂಗಳದಾಗೆ ಕೆಡವೈತೆ. ಹಂಗೇ ಬಿಟ್ರೆ ಈ ಮನಿ ಉಳಿತೈತಾ? ನೀ ದೂರ ನಿಂತ್ಕ."

ಮಂಗ ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಾಡುವುದು ನಮ್ಮ ಊರುಗಳ ಪದ್ಧತಿ, ನಿಮಗೂ ಗೊತ್ತಿರಬೇಕು. ಅತ್ತೆ ಆ ಪುಟ್ಟ ಮೈಗೆ ಅರಿಶಿನದ ನೀರು ಹಾಕಿ ತೊಳೆದಳು, ಹಣೆಗೆ ವಿಭೂತಿ ಹಚ್ಚಿದಳು, ತನ್ನ ಹೊಸ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದಳು. ಹಿತ್ತಲಲ್ಲಿ ಮಾವ ಒಲ್ಲದ ಮನಸ್ಸಿನಿಂದ ತೋಡಿದ ಗುಂಡಿಯಲ್ಲಿ, ನಮ್ಮವರನ್ನು ಹೂಳುವ ಹಾಗೆಯೇ, ಕೂರಿಸಿ ಮಣ್ಣು ಕೊಟ್ಟಳು. ಹೆದರಿಕೆ ನನ್ನೊಬ್ಬಳದೇ ಎಂದುಕೊಂಡಿದ್ದೆ. ತೆಂಗಿನಕಾಯಿ ಒಡೆದವಳು, ತಪ್ಪಾಯಿತು ಎನ್ನುತ್ತ ಎರಡೂ ಕೆನ್ನೆಗೆ ಬಡಿದುಕೊಂಡಳು. ಅವಳಿಗೆ ದೇವರ ಭಯ; ನನಗೆ ಕಾಯಿಲೆಯ ಭಯ. ಮೈ ತಣ್ಣಗಾದ ಮಂಗವನ್ನು ಬಿಟ್ಟು ಉಣುಗುಗಳು ಬೆಚ್ಚಗಿನ ಇನ್ನೊಂದು ಮೈ ಹುಡುಕುತ್ತವೆ ಎಂಬುದು ಆಗ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ವಾರ ತುಂಬುವುದರೊಳಗೆ ಅತ್ತೆ ಮಲಗಿದಳು. ತಲೆ ಸಿಡಿಯುವ ಜ್ವರ, ಕಣ್ಣುಗಳು ಕುಂಕುಮ, ಸೊಂಟ ಎತ್ತಲಾಗದ ನೋವು. ಬಾಯಿ ಮುಕ್ಕಳಿಸಿದ ನೀರು ಕೆಂಪಾಗಿ ಬಿತ್ತು. ನನ್ನನ್ನು ಜಗಲಿಯಿಂದ ಒಳಗೆ ಬಿಡಲಿಲ್ಲ. ಪಕ್ಕದ ಮನೆಯ ಮಂಜಪ್ಪ ಕೋವಿ ಹಿಡಿದು ಬಂದ. "ಈ ನಾಯಿ ಇರಾತನ್ಕ ಕಾಯ್ಲೆ ಊರು ಬಿಡಲ್ಲ, ಈರಬಸಣ್ಣ. ಒಂದೇ ಏಟು, ಮುಗೀತು." ಕ್ಯಾಪ್ಟನ್ ಮಂಜಪ್ಪನ ಕಾಲು ಮೂಸಿ ಕುಣಿಯುತ್ತಿತ್ತು, ಆಟವಾಡಲು ಬಂದಿದ್ದಾನೆಂದು. ಆಗ ಒಳಗಿನಿಂದ ಅತ್ತೆಯ ದನಿ ಬಂತು, ತಡೆದು ತಡೆದು: "ಮಂಜಪ್ಪ, ತಂದಿದ್ದು ಅದು, ಮುಟ್ಟಿದ್ದು ನಾನು. ಹೊಡೆಯದಾದ್ರೆ ಒಳಗ್ ಬಾ, ನಂಗೆ ಮೊದ್ಲು ಹೊಡಿ."

ಮರುದಿನ ಅಪ್ಪಾಜಿ ಶಿಕಾರಿಪುರದ ಸೀರೆ ಅಂಗಡಿ ಮುಚ್ಚಿ, ಬಾಡಿಗೆ ಜೀಪು ಮಾಡಿಕೊಂಡು ಬಂದರು. ಅಕ್ಕನನ್ನೂ ನನ್ನನ್ನೂ ಒಟ್ಟಿಗೆ ಕರೆದೊಯ್ಯುವ ಯೋಚನೆ ಅವರದು. ಅತ್ತೆ ಒಪ್ಪಲಿಲ್ಲ. "ಮಗು ಕೂರ ಗಾಡೀಲಿ ನಾ ಕೂರಲ್ಲ. ನಂಗೆ ಆಸ್ಪತ್ರೆ ವ್ಯಾನು ಹೇಳ್ಯಾರೆ. ನೀ ನನ್ ನಾಯಿ ತಗಂಡ್ ಹೋಗು."

"ಏನ್ ತಲಿ ಕೆಟ್ಟೈತೇನಕ್ಕ? ಅಂಗಡಿ ಮುಂದ ಈ ನಾಯಿ ಕಟ್ಟಿದ್ರ ಸೀರಿ ಕೊಳ್ಳಾಕ ಯಾರ್ ಬರ್ತಾರ?"

"ಇಲ್ಲಿ ಬಿಟ್ರೆ ಕೊಲ್ತಾರೆ ಕಣೋ ತಮ್ಮ. ಅದ್ಕೆಂತ ಗೊತ್ತು? ನಂಗೆ ತೋರ್ಸಕ್ಕೆ ತಂದಿದ್ದು."

ಅಪ್ಪಾಜಿ ಅಂಗಿಯ ತೋಳು ಮಡಚಿ, ಉಣುಗು ಸಾಯಲೆಂದು ಹೊಗೆಸೊಪ್ಪು ಕುದಿಸಿದ ನೀರಿನಲ್ಲಿ ನಾಯಿಯ ಮೈಯೆಲ್ಲ ತಾವೇ ತಿಕ್ಕಿದರು.

ಅತ್ತೆ ಆಸ್ಪತ್ರೆಯಿಂದ ಮರಳಲಿಲ್ಲ. ಮಾವ ಮನೆಗೆ ಬೀಗ ಹಾಕಿ ತನ್ನ ತಮ್ಮನ ಊರಿಗೆ ಹೋದ. ಮನೆ ನಿಂತಿದ್ದ ಜಾಗದಲ್ಲಿ ಈಗ ಗೋವಿನಜೋಳ ಬೆಳೆಯುತ್ತಾರೆ. ಕ್ಯಾಪ್ಟನ್ ಮಾತ್ರ ಶಿಕಾರಿಪುರದಲ್ಲಿ ನಮ್ಮೊಂದಿಗೆ ಬಹಳ ವರ್ಷ ಬದುಕಿತು, ಕೆರೆಯ ಕೆಸರು ಕಾಲಿನಲ್ಲೇ ಸೀರೆಗಳ ಮೇಲೆ ಓಡಾಡಿ ಅಪ್ಪಾಜಿಯಿಂದ ಬೈಸಿಕೊಂಡು, ಅವರ ತಟ್ಟೆಯ ರೊಟ್ಟಿಯನ್ನೇ ತಿಂದುಕೊಂಡು. ಅದನ್ನು ಕಂಡರೆ ನನಗಿದ್ದ ಭಯ ಹೋಯಿತು. ಆದರೆ ರಜೆಗೆ ಬಂದಾಗಲೆಲ್ಲ ಅದರ ರೋಮ ಬಿಡಿಸಿ ಬಿಡಿಸಿ ನೋಡುತ್ತಿದ್ದೆ. ಬೆರಳ ತುದಿಗೆ ಒಂದು ಸಣ್ಣ ಗಂಟು ಸಿಕ್ಕರೂ ಅದನ್ನು ಬೆಳಕಿಗೆ ಎಳೆದೊಯ್ಯುತ್ತಿದ್ದೆ. ಈಗಲೂ ಬೇಸಿಗೆ ಬಂತೆಂದರೆ ಪೇಪರಿನಲ್ಲಿ ಆ ಕಾಯಿಲೆಯ ಸುದ್ದಿ ಬರುತ್ತದೆ. ಪುಟ ತಿರುವಿಬಿಡುತ್ತೇನೆ.

ಅತ್ತೆಯನ್ನು ನಾನು ಕೊನೆಯ ಸಲ ನೋಡಿದ್ದು ಆ ಜೀಪಿನ ಹಿಂಬದಿಯಿಂದ. ಕ್ಯಾಪ್ಟನ್ ಹೊರಕ್ಕೆ ನೆಗೆಯಲು ಎಳೆದಾಡುತ್ತಿತ್ತು. ನಾನು ಮೊದಲ ಬಾರಿಗೆ ಅದನ್ನು ಎರಡೂ ತೋಳುಗಳಿಂದ ತಬ್ಬಿ ಹಿಡಿದಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದಳು. ಮೆಟ್ಟಿಲಿಳಿಯಲು ಒಂದು ಕಾಲು ಚಾಚಿ, ನನ್ನನ್ನು ನೋಡಿ, ಹಿಂದಕ್ಕೆ ತೆಗೆದುಕೊಂಡಳು. ಕೈ ಎತ್ತಿದಳು. ಕರೆಯುತ್ತಿದ್ದಾಳೆಂದು ನಾನು ಅರ್ಧ ಎದ್ದೆ. ಕರೆಯುತ್ತಿರಲಿಲ್ಲ, ಒಣಗಲು ಹಾಕಿದ ಕಾಳಿನಿಂದ ಕೋಳಿ ಅಟ್ಟುವ ಹಾಗೆ ಕೈ ಬೀಸುತ್ತಿದ್ದಳು, ಹೋಗಿ, ಹೋಗಿ ಎಂದು. ಜೀಪು ಹೊರಟಿತು. ಹೊಸ್ತಿಲ ಮೇಲೆ ಯಾರೂ ಕೂರಬಾರದೆಂದು ಎಷ್ಟೋ ಸಲ ನನ್ನನ್ನು ಗದರಿ ಎಬ್ಬಿಸಿದ್ದ ಗೌರತ್ತೆ, ಆ ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಧೂಳು ಮುಚ್ಚುವ ತನಕ ಕೈ ಬೀಸುತ್ತಲೇ ಇದ್ದಳು.