ಕೊನೆಯ ಗೇಣು ದಾಟಿಸುವ ಕೈಯಕ್ಕ

ನಗರದ ನಡುಮಧ್ಯದಿಂದ ದ್ವೀಪಕ್ಕೆ ಹೋಗಲು ಬಸ್ಸಿಗೆ ಹನ್ನೆರಡು ರೂಪಾಯಿ, ಲಾಂಚಿಗೆ ಮೂವತ್ತು. ಬುಟ್ಟಿ ಇದ್ದರೆ ಬುಟ್ಟಿಗೆ ಐದು, ಸೈಕಲ್ಲಿಗೆ ಹತ್ತು. ಮಡಿಲಲ್ಲಿ ಕೂರುವ ಮಗುವಿಗೆ ಏನೂ ಇಲ್ಲ. ಮಗು ಮಡಿಲಲ್ಲಿ ಕೂರುವಷ್ಟು ಚಿಕ್ಕದೋ ಅಲ್ಲವೋ ಎಂಬುದನ್ನು ಟಿಕೆಟ್ ಕಿಟಕಿಯವನು ಕಣ್ಣಳತೆಯಲ್ಲೇ ತೀರ್ಮಾನಿಸುತ್ತಾನೆ. ಇಷ್ಟೆಲ್ಲ ಕೊಟ್ಟರೂ ನೀವು ದ್ವೀಪ ಮುಟ್ಟಿದಂತಲ್ಲ. ಲಾಂಚಿನ ಅಂಚಿಗೂ ದ್ವೀಪದ ಕಲ್ಲುಮೆಟ್ಟಿಲಿಗೂ ನಡುವೆ ಒಂದು ಗೇಣು ಜಾಗ ಉಳಿಯುತ್ತದೆ. ಅಲೆ ಎದ್ದಾಗ ಅದು ಮಗುವೂ ದಾಟಬಹುದಾದ ಗೇಣು. ಅಲೆ ಇಳಿದಾಗ ಲಾಂಚು ಸೊಂಟದಷ್ಟು ಕೆಳಗೆ ಕುಸಿದು, ಅದೇ ಗೇಣು ಕಪ್ಪುಗುಂಡಿಯಾಗಿ ಬಾಯಿ ತೆರೆಯುತ್ತದೆ. ಆ ಗೇಣಿಗೆ ಟಿಕೆಟ್ ಇಲ್ಲ. ಅದನ್ನು ದಾಟಿಸಲು ಒಬ್ಬ ಹೆಂಗಸು ನಿಂತಿರುತ್ತಾರೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಗರಕ್ಕೆ ಹೊರಡುವ ಮೊದಲ ಲಾಂಚು ದ್ವೀಪದ ಮೆಟ್ಟಿಲಿಗೆ ಬಂದು ನಿಂತಿದೆ. ನಿಂತಿದೆ ಎನ್ನುವುದು ಮಾತಿಗೆ ಮಾತ್ರ, ಅದು ಒಂದು ಗಳಿಗೆಯೂ ಸುಮ್ಮನಿಲ್ಲ. ಕೆಳಗಿನ ಮೆಟ್ಟಿಲಲ್ಲಿ, ಪಾದ ಮುಳುಗುವ ನೀರಿನಲ್ಲಿ, ಕಬ್ಬಿಣದ ಕಂಬಕ್ಕೆ ಎಡಗೈ ಸುತ್ತಿ ಬಲಗೈ ಚಾಚಿ ನಿಂತಿದ್ದಾರೆ, ದ್ವೀಪದವರೆಲ್ಲ ಕೈಯಕ್ಕ ಎಂದೇ ಕರೆಯುವ ಆ ಹೆಂಗಸು. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಗಂಡನ ಹಳೆಯ ಅಂಗಿ. ಬಲಗೈಯಲ್ಲಿ ಗಡಿಯಾರವಿಲ್ಲ, ದಾರವಿಲ್ಲ, ಉಂಗುರವಿಲ್ಲ. ಏನಾದರೂ ತೊಟ್ಟರೆ ಹಿಡಿದವರಿಗೆ ಚುಚ್ಚುತ್ತದೆ ಎಂಬುದು ಅವರ ಲೆಕ್ಕ.

ಮೊದಲು ಬುಟ್ಟಿ ಹೆಂಗಸರು. ಬಾಳೆಗೊನೆ, ಅನಾನಸು ತುಂಬಿದ ಬುಟ್ಟಿಗಳು ಒಂದೊಂದಾಗಿ ಒಳಗೆ ಹೋಗುತ್ತವೆ. ಹಿಂದೆಯೇ ಅವುಗಳ ಒಡತಿಯರು. ಆಮೇಲೆ ಮಂಜುಗಡ್ಡೆ ಕಾರ್ಖಾನೆಯ ಹಮಾಲರು, ಕಾಲೇಜಿನ ಹುಡುಗಿಯರು, ಆಸ್ಪತ್ರೆಯ ನರ್ಸು. ಪ್ರತಿಯೊಬ್ಬರೂ ಬಲಗೈ ಚಾಚುತ್ತಾರೆ, ಕೈಯಕ್ಕ ಹಿಡಿಯುತ್ತಾರೆ, ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಯಾರೂ ಏನೂ ಹೇಳದಿದ್ದರೂ ಕೈ ಚಾಚಿದವರು ಲಾಂಚಿನೊಳಗಿರುತ್ತಾರೆ.

"ಅಂಗೈ ಹಿಡಿದ್ರೆ ಜಾರುತ್ತೆ," ಎನ್ನುತ್ತಾರೆ ಕೈಯಕ್ಕ. "ಒಬ್ಬರ ಕೈಯಲ್ಲಿ ಬೆವರು, ಇನ್ನೊಬ್ಬರ ಕೈಯಲ್ಲಿ ಮೀನಿನ ನೀರು, ಮಕ್ಕಳ ಕೈಯಲ್ಲಿ ಏನಿರುತ್ತೋ ದೇವರಿಗೇ ಗೊತ್ತು. ಅದಕ್ಕೇ ಮಣಿಕಟ್ಟು. ಅವರು ನನ್ನ ಮಣಿಕಟ್ಟು ಹಿಡೀಬೇಕು, ನಾನು ಅವರದು. ಆಗ ಒಬ್ಬರು ಬಿಟ್ರೂ ಇನ್ನೊಬ್ಬರು ಹಿಡಿದಿರ್ತಾರೆ."

ಲಾಂಚು ಮೆಟ್ಟಿಲಿನ ಮಟ್ಟಕ್ಕೆ ಏರುವ ಹೊತ್ತಿಗೆ ಸರಿಯಾಗಿ ಅವರ ಹೆಬ್ಬೆರಳು ಮಣಿಕಟ್ಟನ್ನು ಒತ್ತುತ್ತದೆ. ಒತ್ತಿದರೆ ಹೆಜ್ಜೆ. ದ್ವೀಪದವರಿಗೆ ಇದು ಎಷ್ಟು ರೂಢಿಯೆಂದರೆ ಅರ್ಧ ನಿದ್ದೆಯಲ್ಲೂ ಕಾಲು ತಾನೇ ಎದ್ದುಬಿಡುತ್ತದೆ. "ನನಗೆ ಎಚ್ಚರ ಆಗೋದೇ ನಗರದ ಬಸ್ಸಲ್ಲಿ," ಎಂದು ನರ್ಸು ಆಕಳಿಸುತ್ತಾರೆ. "ಮನೆಯವರು ಮೊದಲ ಸಲ ನನ್ನ ಕೈ ಹಿಡಿಯೋಕೆ ಬಂದಾಗ ನಾನು ಮಣಿಕಟ್ಟು ಚಾಚಿದ್ದೆ. ಪಾಪ, ನಾಡಿ ನೋಡು ಅಂತಿದಾಳೇನೋ ಅಂದ್ಕೊಂಡ್ರಂತೆ."

ಇನ್ನೊಂದು ರೂಢಿಯಿದೆ. ಈ ಮೆಟ್ಟಿಲಲ್ಲಿ ಯಾರೂ ಧನ್ಯವಾದ ಹೇಳುವುದಿಲ್ಲ. ಕಾಲು ಊರಿದ ತಕ್ಷಣ ಕೈ ಬಿಡುವುದೇ ಇಲ್ಲಿನ ಧನ್ಯವಾದ. ಹಿಂದಿನವರಿಗೆ ಆ ಕೈ ಬೇಕು, ಅಲೆ ಕಾಯುವುದಿಲ್ಲ. ಕೈ ಹಿಡಿದುಕೊಂಡೇ ಮುಗುಳ್ನಗುತ್ತ ಉಪಚಾರದ ಮಾತಾಡುವವರು ಪ್ರವಾಸಿಗರು. ಅವರ ಬೆನ್ನ ಹಿಂದೆ ಸಾಲಿನಲ್ಲಿ ಗೊಣಗಾಟ ಶುರುವಾಗುತ್ತದೆ. ಹಾಗೆಂದು ದ್ವೀಪದವರು ಮರೆಯುವವರಲ್ಲ. ಕೈಯಕ್ಕನ ಮನೆಯ ಕಿಟಕಿಯಲ್ಲಿ ಆಗಾಗ ಒಂದು ಪಪ್ಪಾಯಿ, ನಾಲ್ಕು ಮೊಟ್ಟೆ, ಎಲೆಯಲ್ಲಿ ಸುತ್ತಿದ ಮೀನು ಬಂದು ಕೂತಿರುತ್ತದೆ. ಯಾರು ಇಟ್ಟರೆಂದು ಅವರು ವಿಚಾರಿಸುವುದಿಲ್ಲ.

ಕೈಯಕ್ಕನೂ ಒಂದು ಕಾಲದಲ್ಲಿ ಬುಟ್ಟಿ ಹೊತ್ತು ನಗರಕ್ಕೆ ಹೋಗುತ್ತಿದ್ದವರೇ. ಆಗ ಮೆಟ್ಟಿಲಲ್ಲಿ ಹಗ್ಗ ಕಟ್ಟಲು ಒಬ್ಬ ಅಜ್ಜ ಇದ್ದರು; ಜನರಿಗೆ ಕೈ ಕೊಡುವ ಕೆಲಸ ಯಾರದೂ ಆಗಿರಲಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ತುಂಬು ಬಸುರಿಯೊಬ್ಬಳು ಕಾಲೆತ್ತಲೂ ಆಗದೆ ಇಳಿಸಲೂ ಆಗದೆ ನಡುಗುತ್ತ ನಿಂತಾಗ, ಸಾಲಿನಲ್ಲಿದ್ದ ಈಕೆ ಬುಟ್ಟಿ ಕೆಳಗಿಟ್ಟು ಮುಂದೆ ಬಂದು ಅವಳ ಮಣಿಕಟ್ಟು ಹಿಡಿದರು. ಅವಳನ್ನು ದಾಟಿಸಿದ ಮೇಲೆ ಹಿಂದಿನವರೂ ಕೈ ಚಾಚಿದರು. ಅವರ ಹಿಂದಿನವರೂ ಚಾಚಿದರು. "ಎಲ್ಲರನ್ನೂ ಹತ್ತಿಸಿ ಮುಗಿಸೋ ಹೊತ್ತಿಗೆ ಲಾಂಚು ಹೊರಟೇಬಿಡ್ತು. ನಾನು, ನನ್ನ ಬುಟ್ಟಿ ಇಬ್ಬರೂ ಮೆಟ್ಟಿಲಲ್ಲೇ." ಹೇಳುತ್ತ ಅವರಿಗೇ ನಗು ಬರುತ್ತದೆ. ಲಾಂಚಿನ ಚಾಲಕರು ಕಚೇರಿಗೆ ಹೇಳಿ ದಿನಗೂಲಿಗೆ ಸೇರಿಸಿದರು. ಕೈ ಹಿಡಿಯುವ ಹುದ್ದೆ ಎಂದು ಕಚೇರಿಯಲ್ಲಿ ಯಾವುದೂ ಇರಲಿಲ್ಲವಾದ್ದರಿಂದ ಮೆಟ್ಟಿಲು ತಿಕ್ಕುವವರು ಎಂದು ಬರೆದುಕೊಂಡರು. ಈಗಲೂ ಅವರದು ಅದೇ ಹುದ್ದೆ. ಅದಕ್ಕೆ ತಕ್ಕಂತೆ ಮಧ್ಯಾಹ್ನ ನೀರಿಳಿದಾಗ ಪಾಚಿಯನ್ನೂ ಕೆರೆಯುತ್ತಾರೆ.

ಬರುವವರು ಹೋಗುವವರು ಸೇರಿ ದಿನಕ್ಕೆ ನಾನೂರಕ್ಕೆ ಕಡಿಮೆಯಿಲ್ಲದಷ್ಟು ಕೈಗಳು. ಸಂಜೆಯ ಹೊತ್ತಿಗೆ ಬಲಭುಜ ಮೇಲೇಳುವುದಿಲ್ಲ, ತಲೆ ಬಾಚಲು ಎಡಗೈ ಬೇಕು. ಉಪ್ಪುನೀರಿಗೆ ಪಾದದ ಬಿರುಕು ಮಾಯುವುದೇ ಇಲ್ಲ. ಗಂಡ ಅದೇ ಲಾಂಚಿನ ಎಂಜಿನ್ ನೋಡಿಕೊಳ್ಳುತ್ತಾರೆ. "ಒಂದೇ ಲಾಂಚಿಗೆ ಇಬ್ಬರೂ ದುಡೀತೀವಿ. ಅವರು ಒಳಗೆ, ನಾನು ಹೊರಗೆ. ದ್ವೀಪದಲ್ಲಿ ನಾನು ಕೈ ಹಿಡಿಯದೆ ಇರೋ ಗಂಡಸು ಅವರೊಬ್ಬರೇ," ಎಂದು ಕೈಯಕ್ಕ ಕಣ್ಣು ಮಿಟುಕಿಸುತ್ತಾರೆ.

ಈ ಕೆಲಸ ಇನ್ನು ಕೆಲವೇ ದಿನ. ಕಲ್ಲುಮೆಟ್ಟಿಲಿನ ಜಾಗಕ್ಕೆ ತೇಲುವ ಜೆಟ್ಟಿ ಬರುತ್ತಿದೆ. ಲಾಂಚು ಎದ್ದರೆ ಅದೂ ಏಳುತ್ತದೆ, ಇಳಿದರೆ ಅದೂ ಇಳಿಯುತ್ತದೆ. ನಡುವಿನ ಗೇಣಿಗೆ ಹಲಗೆ ಹಾಸಿದರೆ ಆಯಿತು. ತಿಕ್ಕಲು ಮೆಟ್ಟಿಲೇ ಇಲ್ಲದ ಮೇಲೆ ಮೆಟ್ಟಿಲು ತಿಕ್ಕುವವರು ಯಾಕೆ ಎಂದು ಕಚೇರಿ ಆಗಲೇ ತಿಳಿಸಿದೆ. ವಿಚಿತ್ರವೆಂದರೆ, ಆ ಜೆಟ್ಟಿ ಬೇಕೆಂದು ವರ್ಷವಿಡೀ ಹಟ ಹಿಡಿದವರು ಕೈಯಕ್ಕನೇ.

ಕಾರಣ ಮನೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದೆ. ಅತ್ತೆಗೆ ಎಂಬತ್ತರ ಹತ್ತಿರ. ಸೊಂಟದ ಕೀಲು ಗಟ್ಟಿಯಾಗಿ ಆರು ವರ್ಷದಿಂದ ಹೆಜ್ಜೆ ಎತ್ತಿಲ್ಲ, ದ್ವೀಪ ಬಿಟ್ಟಿಲ್ಲ. ಮಾತಿಗೆ ಮಾತ್ರ ಯಾವ ತೊಂದರೆಯೂ ಆಗಿಲ್ಲ.

"ಊರಿನವರ ಕೈಯೆಲ್ಲ ಹಿಡೀತಾಳೆ," ಎಂದು ಸೊಸೆಯನ್ನು ತೋರಿಸುತ್ತಾರೆ. "ನನಗೊಂದು ಲೋಟ ನೀರು ಬೇಕಂದ್ರೆ ಮೂರು ಸಲ ಕೂಗಬೇಕು."

"ಕೂಗೋ ಶಕ್ತಿ ಇದೆಯಲ್ಲ ಅತ್ತೆ, ಅದಕ್ಕೇ ನಾನು ನೆಮ್ಮದಿಯಾಗಿರೋದು," ಎನ್ನುತ್ತ ಕೈಯಕ್ಕ ನೀರು ತಂದಿಡುತ್ತಾರೆ.

ನಗರದಲ್ಲಿ ಅತ್ತೆಯ ತಂಗಿ ಇದ್ದಾರೆ. ಅಕ್ಕತಂಗಿಯರು ದಿನಾ ಸಂಜೆ ಫೋನಿನಲ್ಲಿ ಜಗಳವಾಡುತ್ತಿದ್ದರು; ಅದೇ ಇಬ್ಬರ ಸಂತೋಷ. ಕಳೆದ ವರ್ಷ ತಂಗಿಗೆ ಲಕ್ವ ಹೊಡೆದು ನಾಲಗೆ ತೊದಲಿತು. ಫೋನಿನಲ್ಲಿ ಬರುವುದು ಬರೀ ಸದ್ದು. ಅತ್ತೆ ಅದನ್ನೇ ಕಿವಿಗಿಟ್ಟುಕೊಂಡು ಕೂರುತ್ತಾರೆ, ಅರ್ಥವಾಗದೆ ಇಡುತ್ತಾರೆ. ತಂಗಿಯ ಆರೋಗ್ಯ ಇಳಿಯುತ್ತಿದೆ. ನೋಡುವುದಾದರೆ ಈಗಲೇ ನೋಡಬೇಕು.

ನಗರದ ಬಸ್ಸಿಗೆ ಗಾಲಿಕುರ್ಚಿ ಹತ್ತಿಸುವ ಇಳಿಜಾರು ಹಲಗೆ ಬಂದು ಬಹಳ ಕಾಲವಾಯಿತು. ಅತ್ತ ದಡದ ಜೆಟ್ಟಿಯೂ ಸಪಾಟಾಗಿದೆ. ಅಡ್ಡಿಯೆಂದರೆ ದ್ವೀಪದ ಈ ಒಂದು ಗೇಣು. ಒಮ್ಮೆ ನಾಲ್ಕು ಹಮಾಲರು ಕುರ್ಚಿ ಸಮೇತ ಎತ್ತಿ ಹತ್ತಿಸಲು ನೋಡಿದ್ದರು. ಸರಿಯಾಗಿ ಆಗಲೇ ಅಲೆ ಇಳಿದು, ಕುರ್ಚಿ ವಾಲಿ, ಎಲ್ಲರೂ ಕಿರುಚಿದರು. ಅಂದಿನಿಂದ ಅತ್ತೆ ಒಪ್ಪಿಲ್ಲ. "ನಾನೇನು ಸಿಮೆಂಟ್ ಮೂಟೆಯಾ ಎತ್ತಿ ಒಗೆಯೋಕೆ?"

ತೇಲುವ ಜೆಟ್ಟಿ ಸಿದ್ಧವಾಗಿ ನಗರದ ದಡದಲ್ಲಿ ಬಿದ್ದಿದ್ದನ್ನು ಕೈಯಕ್ಕ ಬಸ್ಸಿನ ಕಿಟಕಿಯಿಂದ ನೋಡಿದ್ದರು. ಅದರ ಮೇಲೆ ನಾಯಿಗಳು ಮಲಗಿದ್ದವು. ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಲೇ ಇತ್ತು ಕಚೇರಿ. ಒಂದು ದಿನ ಕಚೇರಿಯ ದೊಡ್ಡ ಸಾಹೇಬರು ತಪಾಸಣೆಗೆ ಬಂದವರು ವಾಪಸು ಹೊರಟು ಲಾಂಚಿಗೆ ಕಾಲಿಡುವ ಮುನ್ನ ಕೈ ಚಾಚಿದರು. ಕೈಯಕ್ಕ ಮಣಿಕಟ್ಟು ಹಿಡಿದರು. ಅಲೆ ಎದ್ದಿತು, ಹೆಬ್ಬೆರಳು ಒತ್ತಲಿಲ್ಲ. ಇನ್ನೊಂದು ಅಲೆ ಎದ್ದಿತು, ಆಗಲೂ ಒತ್ತಲಿಲ್ಲ.

"ಏನಮ್ಮಾ?" ಎಂದರು ಸಾಹೇಬರು.

"ತೇಲುವ ಜೆಟ್ಟಿ ಯಾವಾಗ ಸಾರ್?"

"ಬರುತ್ತೆ, ಬರುತ್ತೆ. ಮೊದಲು ಹತ್ತಿಸು."

"ತಾರೀಖು ಹೇಳಿ ಸಾರ್. ಅಲೆ ಇನ್ನೂ ಬರ್ತಾ ಇರುತ್ತೆ, ಅವಸರ ಇಲ್ಲ."

ಎಂಜಿನ್ ಕೋಣೆಯಿಂದ ಇಣುಕಿದ ಗಂಡ ತಲೆ ಒಳಗೆಳೆದುಕೊಂಡರಂತೆ. "ಅದು ಬಂದ್ರೆ ನಿನ್ನ ಕೆಲಸವೇ ಹೋಗುತ್ತಲ್ಲಮ್ಮ," ಎಂದರು ಸಾಹೇಬರು, ಈ ಸಲ ನಿಜವಾದ ಕಾಳಜಿಯಿಂದ. "ಅದು ನನ್ನ ತಲೆನೋವು ಸಾರ್. ನೀವು ಜೆಟ್ಟಿ ತನ್ನಿ." ಮುಂದಿನ ಅಲೆಗೆ ಮುಂಚೆ ಸಾಹೇಬರ ಬಾಯಿಂದ ತಾರೀಖು ಬಂತು. ಹೆಬ್ಬೆರಳು ಒತ್ತಿತು. ಹೇಳಬೇಕಾದ ಮಾತೆಂದರೆ, ಅವರು ಕೊಟ್ಟ ಮಾತಿಗೆ ಎರಡು ವಾರವಷ್ಟೇ ತಡವಾಯಿತು.

ಜೆಟ್ಟಿ ಬಂದ ಮೊದಲ ಬೆಳಿಗ್ಗೆ ಇಡೀ ದ್ವೀಪವೇ ಮುಗ್ಗರಿಸುತ್ತಿದೆ. ಹಲಗೆ ಸಪಾಟಾಗಿದೆ, ಕಂಬಿ ಗಟ್ಟಿಯಾಗಿದೆ, ಪ್ರವಾಸಿಗರು ಮಾತಾಡುತ್ತ ಆರಾಮವಾಗಿ ನಡೆದುಹೋಗುತ್ತಾರೆ. ದ್ವೀಪದವರು ಮಾತ್ರ ಹಲಗೆಯ ತುದಿಗೆ ಬಂದು ಬಲಗೈ ಚಾಚಿ ನಿಂತುಬಿಡುತ್ತಾರೆ. ಹಿಡಿಯಲು ಯಾರೂ ಇಲ್ಲ. ಇನ್ನೆಂದೂ ಒತ್ತದ ಹೆಬ್ಬೆರಳಿಗೆ ಕಾದು, ಆಮೇಲೆ ಇಲ್ಲದ ಎತ್ತರಕ್ಕೆ ಕಾಲೆತ್ತಿ ಧೊಪ್ಪನೆ ಇಳಿಸುತ್ತಾರೆ. ನರ್ಸು ಎರಡು ಸಲ ಎಡವುತ್ತಾರೆ. "ಇವತ್ತು ಇಲ್ಲೇ ಎಚ್ಚರ ಆಯ್ತು, ಏನು ಕಾಲ ಬಂತಪ್ಪ," ಎಂದು ಬೈಯುತ್ತ ಒಳಗೆ ಹೋಗುತ್ತಾರೆ.

ಕೈಯಕ್ಕ ದಡದಲ್ಲಿ ಅತ್ತೆಯ ಕುರ್ಚಿ ಹಿಡಿದು ಸರದಿಯಲ್ಲಿ ನಿಂತಿದ್ದಾರೆ, ಟಿಕೆಟ್ ಕೊಂಡ ಪ್ರಯಾಣಿಕರಾಗಿ. ಮುಂದೆ ಹೋಗುವವರಲ್ಲಿ ಒಬ್ಬೊಬ್ಬರೂ ಅವರ ಬಳಿ ಒಂದು ಗಳಿಗೆ ನಿಲ್ಲುತ್ತಾರೆ. ಇಷ್ಟು ವರ್ಷ ಆ ಕೈಯನ್ನು ಬೇಗ ಬಿಟ್ಟವರು ಇಂದು ಮಣಿಕಟ್ಟು ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಾರೆ. ಬುಟ್ಟಿ ಹೆಂಗಸರಲ್ಲಿ ಹಿರಿಯಳು ಮಾತ್ರ ಸುಮ್ಮನಿರುವವಳಲ್ಲ: "ಬಸ್ ನಿಲ್ದಾಣದ ಪಕ್ಕ ನಮ್ಮ ಜಾಗದಲ್ಲಿ ನಿನಗೆ ಮೂಲೆ ಬಿಟ್ಟಿದೀವಿ. ಸೋಮವಾರ ಬುಟ್ಟಿ ತಗೊಂಡು ಬಾ. ಹಳೇ ಬುಟ್ಟಿ ತರಬೇಡ, ನಮ್ಮ ಮರ್ಯಾದೆ ಹೋಗುತ್ತೆ."

"ಬರ್ತೀನಕ್ಕ," ಎನ್ನುತ್ತಾರೆ ಕೈಯಕ್ಕ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

"ಅಳೋದಿದ್ರೆ ಆಮೇಲೆ ಅಳು," ಎನ್ನುತ್ತಾರೆ ಅತ್ತೆ. "ಮೊದಲು ತಳ್ಳು."

ಗಾಲಿಗಳು ಇಳಿಜಾರಿನಲ್ಲಿ ಇಳಿದು, ಜೆಟ್ಟಿ ದಾಟಿ, ಹಲಗೆಯ ಮೇಲೆ ಸದ್ದು ಮಾಡುತ್ತ ಲಾಂಚಿನೊಳಗೆ ಹೋಗುತ್ತವೆ. ಅತ್ತೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದಾರೆ. ಕಣ್ಣು ತೆರೆದು, "ಇಷ್ಟೇನಾ?" ಎಂದು ಕೇಳುತ್ತಾರೆ. ಅತ್ತ ದಡದಲ್ಲಿ ಬಸ್ಸಿನ ಕಂಡಕ್ಟರ್ ಹಲಗೆ ಬಿಡಿಸಿ ಹಾಕುತ್ತಾನೆ. ದಾರಿಯುದ್ದಕ್ಕೂ ಅತ್ತೆ ಅಂಗಡಿಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾರೆ. ಯಾವ ಅಂಗಡಿ ಹೋಯಿತು, ಯಾವುದು ಬಂತು ಎಂದು ಇಡೀ ಬಸ್ಸಿಗೆ ತಿಳಿಯುತ್ತದೆ.

ತಂಗಿಯ ಮನೆ ನೆಲಮಟ್ಟದ ಒಂದೇ ಕೋಣೆ. ಕಬ್ಬಿಣದ ಮಂಚ, ತಿರುಗುವಾಗ ಟಿಕ್ ಟಿಕ್ ಎನ್ನುವ ಫ್ಯಾನು, ಮಾತ್ರೆಗಳ ಡಬ್ಬಿ. ಕುರ್ಚಿ ಮಂಚಕ್ಕೆ ತಾಗುವವರೆಗೂ ಕೈಯಕ್ಕ ತಳ್ಳುತ್ತಾರೆ. ತಂಗಿ ಕಣ್ಣು ಬಿಟ್ಟು ನೋಡುತ್ತಾರೆ, ಬಾಯಿ ಒಂದು ಕಡೆಗೆ ಎಳೆದುಕೊಂಡು ಏನೋ ಸದ್ದು ಬರುತ್ತದೆ. ಇನ್ನೊಮ್ಮೆ ಬರುತ್ತದೆ, ಜೋರಾಗಿ.

ಅತ್ತೆ ಆ ಮುಖವನ್ನೇ ನೋಡುತ್ತ ಕೂರುತ್ತಾರೆ. ಆಮೇಲೆ ಸೊಸೆಯ ಕಡೆ ತಿರುಗುತ್ತಾರೆ. "ಫೋನಲ್ಲಿ ಒಂದಕ್ಷರ ತಿಳೀತಿರಲಿಲ್ಲ. ಮುಖ ನೋಡಿದ್ರೆ ಎಲ್ಲಾ ತಿಳಿಯುತ್ತೆ. ಬೈತಿದಾಳೆ ನನ್ನ, ಇಷ್ಟು ತಡ ಮಾಡಿದೆ ಅಂತ." ತಂಗಿಯ ಕಡೆ ತಿರುಗಿ, "ನೀನು ಬರಬಹುದಿತ್ತಲ್ಲ, ಕಾಲು ಚೆನ್ನಾಗಿದ್ದಾಗ?" ಎಂದು ಶುರುಮಾಡುತ್ತಾರೆ. ಮಂಚದಿಂದ ತಕ್ಷಣ ಉತ್ತರ ಬರುತ್ತದೆ. ಒಂದು ವರ್ಷದಿಂದ ನಿಂತಿದ್ದ ಜಗಳ ಮತ್ತೆ ಹತ್ತಿಕೊಂಡಿದೆ. ಸಂಜೆಯ ಲಾಂಚಿನವರೆಗೂ ಅದು ಮುಗಿಯುವ ಲಕ್ಷಣವಿಲ್ಲ.

ಕೈಯಕ್ಕ ಹೊರಗೆ ಬಾಗಿಲ ಬಳಿ ಕೂತು ಬಲಭುಜ ನೀವಿಕೊಳ್ಳುತ್ತಾರೆ.

"ಕೆಲಸ ಹೋಯ್ತು, ಬೇಜಾರಿದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ," ಎನ್ನುತ್ತಾರೆ. "ದಿನಾ ಅಷ್ಟು ಜನರ ಮುಖ ಅಷ್ಟು ಹತ್ತಿರದಿಂದ ಇನ್ನು ಸಿಗಲ್ಲ. ಆದ್ರೆ ನನ್ನ ಕೈಯಲ್ಲಿ ದಾಟಿಸೋಕೆ ಆಗದೆ ಉಳಿದಿದ್ದವರು ನಮ್ಮತ್ತೆ. ಇವತ್ತು ಅವರೂ ದಾಟಿದ್ರು."