ಕೂಗು ನಿಲ್ಲುವವರೆಗೆ ಗೇಟು ತೆರೆದಿರುತ್ತದೆ

ಇಂದು ಬೆಳಗ್ಗೆ ಮಂಜೆಂದರೆ ಮಂಜು. ಗಿರಣಿಯ ಚಿಮಣಿ ಸೊಂಟದವರೆಗಷ್ಟೇ ಕಾಣುತ್ತಿದೆ; ಮೇಲಿನ ಅರ್ಧವನ್ನು ದೇವರೇ ಎತ್ತಿಟ್ಟುಕೊಂಡಂತಿದೆ. ಬಾಯ್ಲರ್ ಮನೆಯ ತಾರಸಿಯಲ್ಲಿ ಹಿರಿಯ ಹೆಂಗಸೊಬ್ಬರು ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆದು, ಸರಪಳಿ ಜಗ್ಗುತ್ತಾರೆ. ಹಬೆಯ ಸಿಳ್ಳೆ ಊರಿನ ಮೇಲೆ ಹಾರುತ್ತದೆ. ಮೊದಲ ಕೂಗು, ಏಳುವವರಿಗೆ. ಊರವರು ಇವರನ್ನು ಕರೆಯುವುದೇ ಕೂಗಮ್ಮ ಎಂದು.

ಕೂಗು ಒಂದೇ, ಕೇಳುವ ಕಿವಿ ಬೇರೆ ಬೇರೆ. ಗುಡ್ಡದ ಮೇಲಿನ ಧಣಿಗಳ ಬಂಗಲೆಯಲ್ಲಿ ದಿಂಬು ಕಿವಿಯ ಮೇಲೇರುತ್ತದೆ. ಗುಮಾಸ್ತರ ಬೀದಿಯಲ್ಲಿ ಗಡಿಯಾರದ ಮುಳ್ಳು ಸರಿಹೋಗುತ್ತದೆ. ಕೂಲಿ ಲೈನಿನಲ್ಲಿ ಇರುವ ಒಂದೇ ನಲ್ಲಿಯ ಮುಂದೆ ಬಿಂದಿಗೆಗಳ ಜಗಳ ಶುರುವಾಗುತ್ತದೆ. ರೈಲು ಹಳಿಯಾಚೆಯ ನೇಕಾರರ ಓಣಿಯಲ್ಲಿ ಮಾತ್ರ ಯಾರೋ ಕಿಟಕಿಯನ್ನು ದಢಾರೆಂದು ಮುಚ್ಚುತ್ತಾರೆ. ಗಿರಣಿಯ ಬಟ್ಟೆ ಅಗ್ಗವಾದಾಗಿನಿಂದ ಅಲ್ಲಿನ ಕೈಮಗ್ಗಗಳು ಒಂದೊಂದಾಗಿ ಮಾತು ಬಿಟ್ಟಿವೆ.

"ಬಂಗಲೆ ಅಮ್ಮೋರು ಒಂದ್ಸಲ ಹೇಳಿಕಳಿಸಿದ್ರು, ಸ್ವಲ್ಪ ಮೆಲ್ಲಗೆ ಕೂಗಿಸ್ಬಾರ್ದಾ ಅಂತ," ಕೂಗಮ್ಮ ನಗುತ್ತಾರೆ. "ಹುಂಜಕ್ಕೂ ಹೇಳಿಕಳಿಸಿದ್ದಾರಾ ಅಂತ ಕೇಳಿದೆ. ಆಮೇಲೆ ಯಾರೂ ಬರ್ಲಿಲ್ಲ."

ಮೂರು ಪಾಳಿ, ದಿನಕ್ಕೆ ಆರು ಕೂಗು. ಬೆಳಗಿನ ಎರಡು ಇವರ ಪಾಲು. ಎರಡನೆಯದು ಗೇಟಿನ ಕೂಗು: ಅದು ನಿಂತೊಡನೆ ಗೇಟು ಮುಚ್ಚುತ್ತದೆ. ಹೊಸಬರು ಮೊದಲ ದಿನವೇ ಹೊರಗುಳಿದರೆ ಆ ಕೆಲಸ ಬಾಗಿಲಲ್ಲಿ ಕಾದು ನಿಂತ ಇನ್ನೊಬ್ಬರದು.

ಇವರು ಹುಟ್ಟಿದ್ದು ಅದೇ ನೇಕಾರರ ಓಣಿಯಲ್ಲಿ. ಗಂಡ ತೀರಿಕೊಂಡ ಮೇಲೆ, ಓಣಿಯವರೆಲ್ಲ ಮುಖ ತಿರುಗಿಸಿದರೂ ಗಿರಣಿಗೆ ಹೊರಟ ಮೊದಲಿಗರು. ಮೊದಲ ದಿನ ಕಂಕುಳಲ್ಲಿ ಅಳುವ ಕೂಸು, ಕಾಲಲ್ಲಿ ಹರಿದ ಚಪ್ಪಲಿ. ಗೇಟು ಇನ್ನೂ ನೂರು ಮಾರು ದೂರವಿರುವಾಗಲೇ ಕೂಗು ಇಳಿಯತೊಡಗಿತ್ತು.

"ಇಳೀತಾ ಇದ್ದದ್ದು ಮತ್ತೆ ಏರ್ತು ನೋಡಿ! ಆಗ ಕೂಗು ಹಾಕ್ತಿದ್ದ ತಾತ ಮೇಲಿಂದ ನನ್ನ ನೋಡಿ ಸರಪಳಿ ಬಿಡ್ಲೇ ಇಲ್ಲ. ಸಂಜೆ ಹೋಗಿ, ತಾತಾ, ಇದನ್ನ ಹೇಗೆ ತೀರಿಸ್ಲಿ ಅಂದೆ. 'ನಂಗ್ಯಾಕೆ ಕೊಡ್ತೀಯೇ ಹುಚ್ಚಿ? ಯಾರಾದ್ರೂ ಓಡಿ ಬರ್ತಾರೆ, ಅವ್ರಿಗೆ ಕೊಡು' ಅಂದ್ರು."

ತಾತ ಹೋಗಿ ಎಷ್ಟೋ ವರ್ಷವಾಯಿತು. ಸರಪಳಿ ಇವರ ಕೈಗೆ ಬಂತು. ಆದರೆ ಆ ಓಣಿಯಿಂದ ಮತ್ತೊಬ್ಬರು ಬರಲೇ ಇಲ್ಲ, ಇಂದಿನವರೆಗೆ! ಅದಕ್ಕೇ ಕೂಗಮ್ಮನಿಗೆ ಇಂದು ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕಿಟಕಿ ದಢಾರೆನ್ನಿಸುವ ನೇಕಾರನ ಮಗಳೇ ಇಂದು ಯಂತ್ರಮಗ್ಗದ ಕೆಲಸಕ್ಕೆ ಸೇರಬೇಕು. ನಿನ್ನೆ ಸಂಜೆ ಹುಡುಗಿ ಬಂದು, "ಅತ್ತೆ, ತಡವಾದ್ರೆ?" ಎಂದು ಕೇಳಿದ್ದಳಂತೆ.

"ತಡ ಮಾಡ್ಬೇಡ ಅಂದೆ, ಅಷ್ಟೇ. ಮೊದ್ಲೇ ಸಲುಗೆ ಕೊಟ್ರೆ ತಲೆ ಮೇಲೆ ಕೂರ್ತಾವೆ!"

ಎರಡನೆಯ ಕೂಗಿನ ಹೊತ್ತಾಗುತ್ತದೆ. ಕೂಗಮ್ಮ ಸರಪಳಿ ಜಗ್ಗುತ್ತಾರೆ. ಗೇಟಿನಲ್ಲಿ ಜನ ನೊರೆಹಾಲಿನಂತೆ ಉಕ್ಕಿ ಒಳಹೋಗುತ್ತಾರೆ. ಹುಡುಗಿ ಇಲ್ಲ. ಓಣಿಯ ದಾರಿಗೆ ಅಡ್ಡವಾದ ಹಳಿಯ ಮೇಲೆ, ಮಂಜಿನ ದೆಸೆಯಿಂದ, ಗಿರಣಿಯ ಹತ್ತಿ ಹೊತ್ತ ಗೂಡ್ಸ್ ಗಾಡಿಯೊಂದು ಬಸುರಿಯಂತೆ ನಿಧಾನ ಸಾಗುತ್ತಿದೆ. ಅದರ ಕೊನೆಯ ಡಬ್ಬಿ ದಾಟಿದ್ದೇ ತಡ, ಆಚೆಯಿಂದ ಒಂದು ಟಾರ್ಚಿನ ಬೆಳಕು ಕುಣಿಯುತ್ತ ಓಡಿಬರುತ್ತದೆ.

"ಅಕ್ಕಾ, ಹೊತ್ತಾಯ್ತು! ಹಬೆ ಇಳೀತಿದೆ, ಬಿಡಕ್ಕಾ!" ಕೆಳಗಿನಿಂದ ಬಾಯ್ಲರಿನವನು ಅರಚುತ್ತಾನೆ.

"ಇನ್ನೆರಡು ಸಲಿಕೆ ಕಲ್ಲಿದ್ದಲು ಹಾಕೋ ತಮ್ಮಾ!"

"ಸಾಹೇಬ್ರು ಕೇಳಿದ್ರೆ?"

"ನಾನೇ ಹಿಡ್ಕೊಂಡಿದ್ದೆ ಅಂತೀನಿ. ನೀನು ಹಾಕು!"

ಇಳಿಯುತ್ತಿದ್ದ ಕೂಗು ಮತ್ತೆ ಏರುತ್ತದೆ. ಗೇಟಿನವನು ಬಾಗಿಲ ಮೇಲೆ ಕೈಯಿಟ್ಟು ಮೇಲೆ ನೋಡುತ್ತಾನೆ. ಕೂಗು ನಿಲ್ಲದೆ ಮುಚ್ಚುವಂತಿಲ್ಲ. ಬೆಳಕು ಹತ್ತಿರವಾಗುತ್ತದೆ. ಅದರ ಹಿಂದೆ ಹುಡುಗಿ, ಹುಡುಗಿಯ ಹಿಂದೆ ಊಟದ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಅವಳಪ್ಪ, ಕಿಟಕಿ ಮುಚ್ಚುವ ಅದೇ ನೇಕಾರ! ಗೇಟಿನಲ್ಲಿ ಡಬ್ಬಿ ಕೈ ಬದಲಾಗುತ್ತದೆ. ಹುಡುಗಿ ಒಳಗೆ.

ತಾತ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಕೂಗಮ್ಮ ಬೆರಳೊಂದೊಂದಾಗಿ ಸಡಿಲಿಸಿ, ಸರಪಳಿಯನ್ನು ಮೆಲ್ಲಗೆ ಬಿಡುತ್ತಾರೆ.