ಕರಿಜಾಲಿಯ ಮೇಜು

ನನಗೆ ಬೇಕಿದ್ದದ್ದು ಓದಲು ಒಂದು ಮೇಜು, ಅಷ್ಟೇ. ಎರಡು ಹೆರಿಗೆಯಾದ ಮೇಲೆ ನೆಲದ ಮೇಲೆ ಅರ್ಧ ಗಂಟೆ ಕೂತರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಶಿಕ್ಷಕರ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದೆ. ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಅವಕಾಶ. ಕುರ್ಚಿ ಮನೆಯಲ್ಲಿತ್ತು. ಜಹೀರಾಬಾದಿನ ಅಂಗಡಿಗೆ ಹೋದರೆ ಪ್ಲೈವುಡ್ಡಿನ ಮೇಜು ಅವತ್ತೇ ಸಿಗುತ್ತಿತ್ತು.

ಮಾವನವರು ಒಪ್ಪಲಿಲ್ಲ. ನ್ಯಾಲ್ಕಲ್ ಕಡೆಯ ನಮ್ಮ ಹೊಲದ ಬದುವಿನಲ್ಲಿ ಗಾಳಿಗೆ ಬಿದ್ದ ಕರಿಜಾಲಿ ಮರವೊಂದಿತ್ತು. "ಪ್ಲೈವುಡ್ ಅಂದ್ರ ಹಪ್ಪಳ. ಜಾಲಿ ಒಳಗಿನ ಗಟ್ಟಿ ಚೇಗಿಗೆ ಹುಳಾ ಹಲ್ಲು ಹಚ್ಚಂಗಿಲ್ಲ" ಎಂದರು. ಒಳಗಿನ ರಸ ಹೋಗಲೆಂದು ದಿಮ್ಮಿಯನ್ನು ನಾಲ್ಕು ತಿಂಗಳು ಬಾವಿಯಲ್ಲಿ ಮುಳುಗಿಸಿಟ್ಟರು. ಆಮೇಲೆ ಹಲಗೆ ಕೊಯ್ಸಿದರು. ಬಿರುಕು ಬಿಡದಂತೆ ನೆರಳಿನಲ್ಲೇ ಒಣಗಬೇಕಂತೆ. ನೆರಳೆಂದರೆ ನಮ್ಮ ಪಡಸಾಲೆ. ಮತ್ತೆ ಮೂರು ತಿಂಗಳು ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರೆಲ್ಲ ಆ ಕೆಂಪುಗಪ್ಪು ಹಲಗೆಗಳನ್ನು ಸವರಿ ಸವರಿ ಹೊಗಳಿದರು. ನನ್ನ ಓದು ಎಲ್ಲಿಗೆ ಬಂತೆಂದು ಒಬ್ಬರೂ ಕೇಳಲಿಲ್ಲ. ಪರೀಕ್ಷೆಗೆ ಒಂದೇ ತಿಂಗಳು ಉಳಿದಿತ್ತು, ನನಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಪೇಟೆಯ ಬಡಗಿಗಳು ಆ ಹಲಗೆಗಳನ್ನು ಮುಟ್ಟಲಿಲ್ಲ. "ಮೊಳೆ ಬಾಗ್ತಾವ್ರಿ, ಉಳಿ ಮೊಂಡ ಆಗ್ತದ" ಎಂದು ಕೈಯಲ್ಲಾಡಿಸಿಬಿಟ್ಟರು. ಕೊನೆಗೆ ರಾಯಿಕೋಡಿನಿಂದ ಒಬ್ಬ ಮುದುಕ ಬಂದ. ಜೀವಮಾನವೆಲ್ಲ ಜಾಲಿಯಲ್ಲಿ ಬಂಡಿಯ ಗಾಲಿ, ಕುಂಟೆ ಮಾಡಿದವನು. ನಾನಾಗ ನೆಲದ ಮೇಲೆ ಕೂತು ಓದುತ್ತಿದ್ದೆ. ಮಾವನವರೊಡನೆ ಮರದ ಗುಣಗಾನ ಮಾಡುತ್ತಲೇ ಅವನು ನೆಲದಿಂದ ನನ್ನ ಮೊಣಕೈಯವರೆಗೆ ಟೇಪು ಹಿಡಿದು ಅಳತೆ ಬರೆದುಕೊಂಡ. ಕುರ್ಚಿಯ ಎತ್ತರ ಕೂಡಿಸಿಕೊಳ್ಳುತ್ತಾನೆಂದು ಸುಮ್ಮನಿದ್ದೆ.

ಹತ್ತು ದಿನಕ್ಕೆ ಮೇಜು ಬಂತು. ಇಬ್ಬರು ಏದುಸಿರು ಬಿಡುತ್ತ ಹೊತ್ತು ತಂದರು. ಒಂದು ಮೊಳೆಯಿಲ್ಲ, ಎಲ್ಲ ಕಟ್ಟಿಗೆಯ ಬೆಣೆ ಬಡಿದು ಕೂಡಿಸಿದ್ದು. ಎಷ್ಟು ಅಲುಗಿಸಿದರೂ ಮಿಸುಕಲಿಲ್ಲ. ಎತ್ತರ ಮಾತ್ರ ನನ್ನ ಮೊಣಕಾಲಿಗಿಂತ ಕೆಳಗಿತ್ತು.

"ಇದರ ಮುಂದ ಕುರ್ಚಿ ಹ್ಯಾಂಗ ಹಾಕ್ಲಿ?" ಎಂದೆ.

"ಕುರ್ಚಿ ಯಾಕವ್ವಾ? ನೀ ಕೂತಂಗೇ ಅಳತಿ ತೊಗೊಂಡೀನಿ" ಎಂದ ಬಡಗಿ. "ಈಗ ಕಾಲು ಬದಲಿ ಮಾಡಾಕ ಬರಂಗಿಲ್ಲ. ಜಾಲಿ ಒಮ್ಮಿ ಹಿಡೀತಂದ್ರ ಬಿಡಂಗಿಲ್ಲ."

ಮಾವನವರು ಹಲಗೆಯನ್ನು ಪ್ರೀತಿಯಿಂದ ತಟ್ಟಿದರು. "ಇರಲಿ ಬಿಡು, ಗಟ್ಟಿ ಅದ. ನಿನ್ನ ಮೊಮ್ಮಕ್ಕಳೂ ಇದರ ಮುಂದೇ ಕೂತು ಓದ್ತಾರ."

ಮದುವೆಯಾದಾಗಿನಿಂದ ಅವರಿಗೆ ಎದುರುತ್ತರ ಕೊಟ್ಟವಳಲ್ಲ ನಾನು. ಅವತ್ತು ಬಾಯಿ ತಡೆಯಲಿಲ್ಲ.

"ಮೊಮ್ಮಕ್ಕಳ ಪರೀಕ್ಷಾಕ್ಕ ಇನ್ನೂ ಟೈಮ್ ಅದ ಮಾವಾರ" ಎಂದೆ. "ನನಗ ಇಪ್ಪತ್ತು ದಿನ ಅದ."